ಶಾರ್ಜಾದ ಹಾಲಿನ ಪುಡಿ ಕಾರ್ಖಾನೆ

ಲೂಯಿಸ್‌ವಿಲ್
ಸೆಪ್ಟೆಂಬರ್ 3, 2025

ಪ್ರಭಂಜನ,

ಎರಡು ವರ್ಷದ ಮೇಲೆ ನನ್ನ ಕೈಬರಹ ನೋಡಿ ನಿನಗೆ ಮೊದಲು ನಗು ಬಂದಿರುತ್ತದೆ. ನಕ್ಕು ಮುಗಿಸು, ಆಮೇಲೆ ಓದು. ನಿನ್ನ ನಂಬರ್ ಬ್ಲಾಕ್ ಮಾಡಿದ್ದೇನೆ. ತೆಗೆಯುವುದು ಒಂದು ನಿಮಿಷದ ಕೆಲಸ. ಆದರೆ ನಿನ್ನ ದನಿ ಕೇಳಿದರೆ ನಾನು ಜಗಳಕ್ಕೆ ನಿಲ್ಲುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಆಫೀಸಿನ ಮೇಲ್‌ನಲ್ಲಿ ಇದನ್ನು ಬರೆಯುವ ಹಾಗಿಲ್ಲ. ಮನೆಯ ಮೇಲ್ ನಮ್ಮನೆಯವರೂ ನೋಡುತ್ತಾರೆ, ನಿನ್ನ ಹೆಸರು ಕಂಡರೆ ಅವರು ಟಿವಿಯ ದನಿ ಏರಿಸುತ್ತಾರೆ. ಹಾಗಾಗಿ ಕಾಗದ.

ನನ್ನ ಮಗಳು ತನ್ವಿಯ ನಿಶ್ಚಿತಾರ್ಥದ ದಿನ ನೂರು ಜನರ ಎದುರಿಗೆ, ಇಷ್ಟು ವರ್ಷದ ಗೆಳೆಯ ನೀನು, ಹೇಳಿದ ಮಾತು: "ಕುಮುದಾಳ ಸಹಿ ಅಂದ್ರೆ ಮಠದ ಊಟ ಇದ್ದ ಹಾಗೆ, ಪಂಕ್ತೀಲಿ ಕೂತವರಿಗೆಲ್ಲ ಬಡಿಸ್ತಾಳೆ." ಎಲ್ಲರೂ ನಕ್ಕರು. ನಾನೂ ನಕ್ಕೆ, ಮನೆಗೆ ಬಂದು ಅತ್ತೆ. ಈಗ ಬರೆಯುತ್ತಿರುವುದು, ನೀನು ಆಡಿದ್ದು ಖರೆ ಆಯಿತು ಅಂತ ತಿಳಿಸುವುದಕ್ಕೆ.

ನಮ್ಮ ಕಂಪನಿಯ ಗೇಜು ನೀನು ನೋಡಿದ್ದೀಯ. ಗಾಳಿ ತೆಗೆದ ಪಾತ್ರೆಯೊಳಗೆ ಎಷ್ಟು ಒತ್ತಡ ಉಳಿದಿದೆ ಅಂತ ಅಳೆಯುವುದು, ಅಂಗೈಯಲ್ಲಿ ಹಿಡಿಸುತ್ತದೆ. ಹಾಲಿನ ಪುಡಿ ಮಾಡುವವರಿಗೂ ಬೇಕು, ಔಷಧಿ ಒಣಗಿಸುವವರಿಗೂ ಬೇಕು, ಅಣುಬಾಂಬಿಗೆ ಯುರೇನಿಯಂ ಹದ ಮಾಡುವವರಿಗೂ ಬೇಕು. ಅದಕ್ಕೇ ಹೊರದೇಶಕ್ಕೆ ಹೋಗುವ ಪ್ರತಿ ಪೆಟ್ಟಿಗೆಗೂ ಕೊಳ್ಳುವವರು ಯಾರು, ಎಲ್ಲಿಯವರು, ಯಾತಕ್ಕೆ ಅಂತ ವಿಚಾರಿಸಿ ನಾನು ಸಹಿ ಹಾಕಬೇಕು. ಹದಿನಾಲ್ಕು ವರ್ಷದಿಂದ ಇದೇ ನನ್ನ ಅನ್ನ.

ಹೋದ ವರ್ಷ ಶಾರ್ಜಾದಿಂದ ಮಧ್ವೇಶ ಅಂತ ಒಬ್ಬ ಗಿರಾಕಿ ಬಂದ. ಒಂಟೆ ಹಾಲಿನ ಪುಡಿ ಮಾಡುವ ಕಾರ್ಖಾನೆ ಅಂದ. ವಿಚಾರಣೆಗೆ ವಿಡಿಯೋ ಕಾಲ್ ಮಾಡಿದೆ. ನನ್ನ ಇಂಗ್ಲಿಷ್ ಕೇಳಿ ಅವನು "ಧಾರವಾಡದ ಕಡೆಯವರೇನ್ರಿ?" ಅಂದ. ಕೆಲಸ ಕೆಟ್ಟದ್ದು ಅಲ್ಲಿ. ನಾನು ಕೇಳಬೇಕಾದದ್ದು ಕಾರ್ಖಾನೆ ತೋರಿಸು, ಕರೆಂಟ್ ಬಿಲ್ ತೋರಿಸು, ಹಾಲು ಎಲ್ಲಿಂದ ತರಿಸುತ್ತೀ ಅಂತ. ಕೇಳಿದ್ದು, "ನೀವು ಯಾರ ಪೈಕಿ?" ಮಾಳಮಡ್ಡಿಯವನಂತೆ. ಅವನ ಸೋದರತ್ತೆ ನಮ್ಮ ಅವ್ವನ ಜೊತೆ ಭಜನೆಗೆ ಹೋಗುತ್ತಿದ್ದವರು. ನಮ್ಮ ಅಣ್ಣನ ಮುಂಜಿವೆಯಲ್ಲಿ ಅಡುಗೆಯ ಉಸ್ತುವಾರಿ ಅವನ ಅಜ್ಜನದು. ಮುಕ್ಕಾಲು ಗಂಟೆ ಇದೇ ಮಾತಾಡಿ, ಫೋನಿಟ್ಟ ಮೇಲೆ ಫಾರಂನಲ್ಲಿ 'ಕೊಳ್ಳುವವರ ಹಿನ್ನೆಲೆ ಪರಿಶೀಲಿಸಲಾಗಿದೆ' ಅನ್ನುವ ಕಡೆ ಗುರುತು ಹಾಕಿದೆ. ಸುಳ್ಳು ಬರೆಯುತ್ತಿದ್ದೇನೆ ಅಂತ ಆವತ್ತು ಅನ್ನಿಸಲೇ ಇಲ್ಲ. ಅವನ ಮೂರು ತಲೆಮಾರು ನನಗೆ ಗೊತ್ತಾಗಿತ್ತು, ಕಾರ್ಖಾನೆ ಒಂದು ಬಿಟ್ಟು.

ಎರಡು ಸಲ ಸರಕು ಹೋಯಿತು, ಸಲಕ್ಕೆ ನಲವತ್ತು. ಜುಲೈನಲ್ಲಿ ಅವನ ಹೆಂಡತಿ ಹಡೆದಳು. ನಮ್ಮ ಸ್ಟಾಫರ್ಡ್‌ನ ಗೆಳತಿ ಕೋಕಿಲಾ ಶಾರ್ಜಾ ಮೇಲೆ ಬೆಂಗಳೂರಿಗೆ ಹೊರಟಿದ್ದಳು. ಬಾಣಂತಿಗೆ ಅಂತ ಅಂಟಿನ ಉಂಡೆ ಕಟ್ಟಿ ಅವಳ ಕೈಯಲ್ಲಿ ಕಳಿಸಿದೆ. ಮೊದಲೇ ತಿಳಿಸಿದರೆ ಬೇಡ ಅನ್ನುತ್ತಾನೆ ಅಂತ ಅವನಿಗೆ ಹೇಳಿರಲಿಲ್ಲ. ಅವಳು ಕಾರ್ಖಾನೆಯ ವಿಳಾಸ ಹುಡುಕಿಕೊಂಡು ಹೋದಳು. ಮೊನ್ನೆ ವಾಪಸು ಬಂದವಳು ಡಬ್ಬಿಯನ್ನು ಹಾಗೇ ನನ್ನ ಮುಂದೆ ಇಟ್ಟಳು. "ಅಲ್ಲಿ ಹಾಲೂ ಇಲ್ಲ ಪುಡೀನೂ ಇಲ್ಲ ಕಣೆ. ಕೆಳಗೆ ಟೈರ್ ಅಂಗಡಿ, ಮೇಲೊಂದು ರೂಮು, ಅದಕ್ಕೆ ಬೀಗ. ಹಾಲಿನ ಕಾರ್ಖಾನೆ ಅಂದ್ರೆ ಟೈರಿನವನು ನಗ್ತಾನೆ." ನಾನು ಮಾಡಬೇಕಿದ್ದ ಪರಿಶೀಲನೆಯನ್ನು ನನ್ನ ಅಂಟಿನ ಉಂಡೆ ಮಾಡಿಕೊಂಡು ಬಂತು.

ಮೂರನೇ ಕಂತಿನ ಎಂಬತ್ತು ಗೇಜು ಹ್ಯೂಸ್ಟನ್ ಏರ್‌ಪೋರ್ಟಿನ ಹತ್ತಿರ ಒಂದು ಗೋದಾಮಿನಲ್ಲಿವೆ. ಸಾಗಣೆಯ ಏಜೆಂಟನ್ನು ಗೊತ್ತುಮಾಡಿದವನೂ ಮಧ್ವೇಶನೇ. ಸೆಪ್ಟೆಂಬರ್ 30ಕ್ಕೆ ವಿಮಾನ. ನನ್ನ ಸಹಿ ಆಗಿಹೋಗಿದೆ. ತಡೆಹಿಡಿಯಿರಿ ಅಂತ ಬರೆದರೆ ಕಾರಣ ಕೇಳುತ್ತಾರೆ, ಕಾರಣ ಹೇಳಿದರೆ ಹಿಂದಿನ ಎರಡು ಸಹಿಗಳೂ ಬಿಚ್ಚಿಕೊಳ್ಳುತ್ತವೆ. ನನಗೆ ಭಯವಾಗಿದೆ. ಜೈಲಿನ ಭಯ, ಮತ್ತೆ ಆ ಎಂಬತ್ತರ ಭಯ. ಯಾವುದು ಮೊದಲು ಅಂತ ಪ್ರಾಮಾಣಿಕವಾಗಿ ಹೇಳಲಾರೆ.

ಹನ್ನೆರಡು ವರ್ಷ ದೇಶದೇಶ ತಿರುಗಿ ಅಣುಸ್ಥಾವರ ತಪಾಸಣೆ ಮಾಡಿದವನು ನೀನು. ವಾಷಿಂಗ್ಟನ್‌ನಲ್ಲಿ ಯಾರಿಗೆ ಹೇಳಿದರೆ ಆ ಸರಕು ನಿಲ್ಲುತ್ತದೆ ಅಂತ ನಿನಗೆ ಗೊತ್ತಿರುತ್ತದೆ. ಬೇಗ ಬರೆ.

ಕುಮುದಾ

•

ಆಸ್ಟಿನ್
ಸೆಪ್ಟೆಂಬರ್ 15, 2025

ಕುಮುದಾ,

ಮೊದಲು ಕೆಲಸದ ಮಾತು. ಮಧ್ವೇಶನಿಗೆ ಫೋನ್ ಮಾಡಬೇಡ. ಮೆಸೇಜು, ಹಬ್ಬದ ಶುಭಾಶಯ, ಏನೂ ಬೇಡ. ಈ ಕಾಗದ ಓದಿದ ತಕ್ಷಣ ಗೋದಾಮಿಗೆ ಸರಕು ತಡೆಯಲು ಹೇಳು, ಕಾರಣ ಆಮೇಲೆ ಕೊಡುತ್ತೇನೆ ಅನ್ನು. ಆಮೇಲೆ ರಫ್ತು ನೋಡಿಕೊಳ್ಳುವ ಇಲಾಖೆಗೆ ನೀನಾಗಿಯೇ ಎಲ್ಲವನ್ನೂ ಬರೆದುಕೊಡು. ತಾನಾಗಿ ಬಂದು ಒಪ್ಪಿಕೊಂಡವರನ್ನು ಅವರು ಸಾಮಾನ್ಯವಾಗಿ ಜೈಲಿಗೆ ಹಾಕುವುದಿಲ್ಲ. ಕೆಲಸ ಹೋಗಬಹುದು. ಹೋಗಲಿ.

ನಿನ್ನ ಪತ್ರ ಆರನೇ ತಾರೀಖೇ ಬಂದಿತ್ತು. ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿದೆ. ಕ್ಷಮೆ ಕೇಳಿರುತ್ತಾಳೆ, ನಾನು ಎರಡು ವರ್ಷ ಕಾದಿಲ್ಲವೇ, ಅವಳೂ ಒಂದು ವಾರ ಕಾಯಲಿ ಅಂದುಕೊಂಡು ಫ್ರಿಜ್ ಮೇಲಿಟ್ಟೆ. ತೆರೆದದ್ದು ನಿನ್ನೆ, ಭಾನುವಾರ ಸಂಜೆ. ಓದಿದ ಮೇಲೆ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಮೂರು ಸಲ ಫೋನ್ ಮಾಡಿದೆ, ಬ್ಲಾಕ್ ಹಾಗೇ ಇದೆ. ನನಗೆ ಫೋನ್ ಮಾಡಲು ನಿಮ್ಮ ಅಮ್ಮನಿಗೆ ಹೇಳು ಅಂತ ತನ್ವಿಗೆ ಮೆಸೇಜ್ ಹಾಕಿದೆ. ಅವಳು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾದಳು. ಹೆಚ್ಚಿನ ಅಂಚೆ ಕೊಟ್ಟು ಇದನ್ನು ಕಳಿಸುತ್ತಿದ್ದೇನೆ, ನಾಳೆ ನಿನಗೆ ಸಿಗಬೇಕು.

ವಾಷಿಂಗ್ಟನ್‌ನ ವಿಷಯ ನೀನು ಕೇಳಿದ್ದೀಯ. ನನಗೆ ಗೊತ್ತಿದ್ದವರು ಮೂರು ಜನ. ಒಬ್ಬಾಕೆಯನ್ನು ಮಾರ್ಚಿನಲ್ಲಿ ಮನೆಗೆ ಕಳಿಸಿದರು, ಈಗ ಇಲ್ಲೇ ರೌಂಡ್ ರಾಕ್‌ನಲ್ಲಿ ಮನೆ ಮಾರಿಸುವ ಏಜೆಂಟ್. ಇವತ್ತು ಅವಳಿಗೆ ಫೋನ್ ಮಾಡಿದರೆ ಎಲ್ಲ ಕೇಳಿಸಿಕೊಂಡು, ಕೊನೆಗೆ ನಿನ್ನ ಅಪಾರ್ಟ್‌ಮೆಂಟ್ ಮಾರುವ ಯೋಚನೆ ಇದೆಯಾ ಅಂದಳು. ಇನ್ನೊಬ್ಬನನ್ನು ಬೇರೆ ಇಲಾಖೆಗೆ ಎತ್ತಿಹಾಕಿದ್ದಾರೆ. ಮೂರನೆಯವನ ನಂಬರಿನಲ್ಲಿ ಯಂತ್ರ ಮಾತಾಡುತ್ತದೆ. ಚಿಕ್ಕ ದೇಶಗಳ ಕಸ್ಟಮ್ಸ್‌ನವರಿಗೆ ನಿನ್ನ ಗೇಜಿನಂಥವನ್ನು ಗುರುತು ಹಿಡಿಯಲು ಕಲಿಸುತ್ತಿದ್ದ ನಮ್ಮ ಕೇಂದ್ರವೂ ಮೇ ತಿಂಗಳಲ್ಲಿ ಮುಚ್ಚಿತು. ನಾನೀಗ ಕಮ್ಯುನಿಟಿ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ನಿನಗೆ ಗೊತ್ತಿರಲಿಲ್ಲ ಅಲ್ಲವೇ.

ಮತ್ತೊಮ್ಮೆ ಹೇಳುತ್ತೇನೆ, ಅವನಿಗೆ ಫೋನ್ ಮಾಡಬೇಡ.

ಪ್ರಭಂಜನ

•

ಲೂಯಿಸ್‌ವಿಲ್
ಸೆಪ್ಟೆಂಬರ್ 18, 2025

ಪ್ರಭಂಜನ,

ನಿನ್ನ ಪತ್ರ ಮಂಗಳವಾರ ಬಂತು. ಭಾನುವಾರ ಮಧ್ಯಾಹ್ನವೇ ನಾನು ಮಧ್ವೇಶನಿಗೆ ಫೋನ್ ಮಾಡಿ ಆಗಿತ್ತು.

ಬೈಯುವುದಕ್ಕೆ ಮೊದಲು ಕೇಳು. ಹತ್ತು ದಿನ ಅಂಚೆ ಡಬ್ಬಿಗೆ ಪ್ರದಕ್ಷಿಣೆ ಹಾಕಿದೆ. ನಿನ್ನ ಉತ್ತರ ಇಲ್ಲ. ಭಾನುವಾರ ನಾನೇ ಇಲಾಖೆಗೆ ದೂರು ಬರೆಯಲು ಕೂತೆ. ಅವನ ಹೆಸರು ಟೈಪ್ ಮಾಡಿದ ಮೇಲೆ ಕೈ ಮುಂದೆ ಹೋಗಲಿಲ್ಲ. ಚಿಕ್ಕಂದಿನಲ್ಲಿ ಯಾರ ಮೇಲಾದರೂ ಚಾಡಿ ತಂದರೆ ಅವ್ವ ಕೇಳುತ್ತಿದ್ದದ್ದು ಒಂದೇ ಮಾತು: "ಅವನ್ನ ಕೇಳೀ ಏನು ಮೊದಲ?" ವಿಳಾಸವೇ ತಪ್ಪಿದ್ದರೆ? ಹಸಿ ಬಾಣಂತಿ ಇರುವ ಮನೆಯ ಮೇಲೆ ಪೊಲೀಸರನ್ನು ಬಿಟ್ಟ ಹಾಗಾಗುತ್ತದಲ್ಲ. ಕೇಳಿಯೇ ಬಿಡೋಣ ಅಂದುಕೊಂಡೆ.

"ಮಧ್ವೇಶ, ನಿಮ್ಮ ಕಾರ್ಖಾನೆ ಎಲ್ಲೆ ಅದನಪಾ?" ಅಂದೆ.

"ಅಕ್ಕಾರ, ಹಿಂಗ್ಯಾಕ ಕೇಳ್ಲಿಕ್ಕತ್ತೀರಿ? ಯಾರರೆ ಏನರೆ ಅಂದರೇನು?"

"ನನ್ನ ಗೆಳತಿ ಹೋಗಿದ್ದಳು. ಅಲ್ಲೆ ಟೈರಿನ ಅಂಗಡಿ ಅದ ಅಂದಳು."

ಅವನು ಅಂದ, "ಅದು ಹಳೇ ವಿಳಾಸರಿ. ನಾಳೆ ಎಲ್ಲಾ ಕಾಗದಪತ್ರ ಕಳಸ್ತೀನಿ, ನೀವೇನೂ ಕಾಳಜಿ ಮಾಡಬ್ಯಾಡ್ರಿ. ಊಟ ಆತೇನ್ರಿ?"

ಆಯಿತು ಅಂದೆ. ಅವನ ಕೂಸು ಹೇಗಿದೆ ಅಂತಲೂ ಕೇಳಿದೆ.

ಸೋಮವಾರ ಅವನ ಕಾಗದಪತ್ರ ಬರಲಿಲ್ಲ. ಮಂಗಳವಾರ ನಿನ್ನ ಪತ್ರ ಓದಿದ ಕೂಡಲೇ ಗೋದಾಮಿಗೆ ಫೋನ್ ಮಾಡಿದೆ. ಸರಕು ಸೋಮವಾರ ಬೆಳಿಗ್ಗೆ ಎಂಟಕ್ಕೇ ಹೊರಟುಹೋಗಿತ್ತು. ಗಿರಾಕಿಗೆ ಅವಸರವಿತ್ತಂತೆ, ಬೇರೆ ಲಾರಿ, ಬೇರೆ ವಿಮಾನ. ಮಧ್ವೇಶನ ಫೋನು ಈಗ ಹತ್ತುವುದಿಲ್ಲ. ನಾನು ಕೇಳದೆ ಇದ್ದಿದ್ದರೆ ಅದು ಮೂವತ್ತರವರೆಗೆ ಅಲ್ಲೇ ಇರುತ್ತಿತ್ತು.

ಅವತ್ತೇ ಇಲಾಖೆಗೆ ಎಲ್ಲವನ್ನೂ ಬರೆದುಕೊಟ್ಟೆ, ಯಾರ ಪೈಕಿ ಅಂತ ಕೇಳಿದ್ದನ್ನೂ ಬಿಡದೆ. ಬಾಸ್‌ಗೆ ಒಂದು ಪ್ರತಿ ಕೊಟ್ಟೆ. ಅವರು ಓದಿ, ಬಾಗಿಲು ಮುಚ್ಚಿಕೊಂಡು ವಕೀಲರಿಗೆ ಫೋನ್ ಮಾಡಿದರು.

ನೂರ ಅರವತ್ತು ಗೇಜಿನಿಂದ ಏನಾಗುತ್ತದೆ ಅಂತ ನನಗೆ ಬರೆ. ಮೆತ್ತಗೆ ಮಾಡಿ ಬರೆಯಬೇಡ.

ಕುಮುದಾ

•

ಆಸ್ಟಿನ್
ಸೆಪ್ಟೆಂಬರ್ 29, 2025

ಕುಮುದಾ,

ಬೈಯಲು ನನಗೆ ಬಾಯಿಲ್ಲ. ನೀನು ಅವನಿಗೆ ಫೋನ್ ಮಾಡಿದ ಮಧ್ಯಾಹ್ನ ನಿನ್ನ ಪತ್ರ ನನ್ನ ಫ್ರಿಜ್ ಮೇಲಿತ್ತು. ಯಾವ ಯಾವ ದೇಶದಲ್ಲೋ ಬೀಗ ಒಡೆಸಿ ಒಳಗೆ ಹೋಗಿ ನೋಡಿದವನು, ಮನೆಗೆ ಬಂದ ಒಂದು ಲಕೋಟೆ ಒಡೆಯಲಿಲ್ಲ.

ಶನಿವಾರ ಸುಮ್ಮನಿರಲಾರದೆ ಹ್ಯೂಸ್ಟನ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಹೋಗಿ ಏನು ಮಾಡುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ಗೋದಾಮಿನ ಹೆಂಗಸು ಒಳ್ಳೆಯವಳು. ನಿನ್ನ ಪೆಟ್ಟಿಗೆಗಳು ಇದ್ದ ಜಾಗ ತೋರಿಸಿದಳು. ಅಲ್ಲಿ ಆಗಲೇ ಬೇರೆ ಪೆಟ್ಟಿಗೆಗಳಿದ್ದವು. ದಿನಕ್ಕೆ ಮುನ್ನೂರು ಬರುತ್ತವೆ, ಮುನ್ನೂರು ಹೋಗುತ್ತವೆ, ಯಾವುದರ ಮುಖ ನೆನಪಿಟ್ಟುಕೊಳ್ಳಲಿ ಅಂದಳು. ಬರುವಾಗ ಸ್ಟಾಫರ್ಡ್‌ನಲ್ಲಿ ಕೋಕಿಲಾ ಊಟಕ್ಕೆ ಹಾಕಿದಳು. "ನೀವಿಬ್ಬರೂ ಮಾತು ಬಿಟ್ಟಿದ್ದು ಯಾವ ಘನಂದಾರಿ ವಿಷಯಕ್ಕೆ?" ಅಂತ ಕೇಳಿದಳು. ಹೇಳಲು ನಾಚಿಕೆಯಾಯಿತು.

ನಿನ್ನ ಪ್ರಶ್ನೆಗೆ ಉತ್ತರ. ಯುರೇನಿಯಂ ಹದ ಮಾಡುವ ಯಂತ್ರಗಳು ಸಾಲುಸಾಲಾಗಿ ನಿಂತಿರುತ್ತವೆ. ಒಳಗಿನ ಒತ್ತಡ ಎಷ್ಟಿದೆ ಅಂತ ತಿಳಿಯದಿದ್ದರೆ ಅವು ಕೆಟ್ಟು ಒಡೆದುಹೋಗುತ್ತವೆ. ಗೇಜು ಇಲ್ಲದೆ ಅವರು ಕುರುಡರು. ಹಾಗಾಗಿಯೇ ಇಷ್ಟು ಸಣ್ಣ ವಸ್ತುವಿಗೆ ಇಷ್ಟು ದೊಡ್ಡ ಕಾವಲು. ನೂರ ಅರವತ್ತು ಗೇಜು ಸಿಕ್ಕಿದ ತಕ್ಷಣ ಬಾಂಬ್ ಆಗಿಬಿಡುವುದಿಲ್ಲ. ಆದರೆ ಹತ್ತು ವರ್ಷ ಹಿಡಿಯುತ್ತಿದ್ದ ಕೆಲಸ ನಾಲ್ಕು ವರ್ಷಕ್ಕೆ ಇಳಿಯಬಹುದು. ನಮ್ಮ ಕೆಲಸವೆಲ್ಲ ಅಷ್ಟೇ ಕುಮುದಾ, ತಡ ಮಾಡಿಸುವುದು. ಯಾರನ್ನೂ ನಾವು ನಿಲ್ಲಿಸಿದ್ದಿಲ್ಲ. ಅಷ್ಟರಲ್ಲಿ ಯಾರಿಗಾದರೂ ಬುದ್ಧಿ ಬರಲಿ ಅಂತ ಕಾಲ ತಳ್ಳಿದೆವು.

ಪ್ರಭಂಜನ

•

ಲೂಯಿಸ್‌ವಿಲ್
ನವೆಂಬರ್ 4, 2025

ಪ್ರಭಂಜನ,

ನನ್ನ ದೂರನ್ನು ಯಾರೂ ಓದಿಲ್ಲ. ಬಜೆಟ್ ಪಾಸಾಗದೆ ಅಕ್ಟೋಬರ್ ಒಂದರಿಂದ ಸರ್ಕಾರಕ್ಕೇ ಬೀಗ ಬಿದ್ದಿದೆ, ನಿನಗೂ ಗೊತ್ತು. ಫೋನ್ ಮಾಡಿದರೆ, ಸರ್ಕಾರ ತೆರೆದ ಮೇಲೆ ಮಾಡಿ ಅನ್ನುವ ರೆಕಾರ್ಡಿಂಗ್. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಮಾಡುತ್ತೇನೆ. ಆ ರೆಕಾರ್ಡಿಂಗ್ ಹೆಂಗಸಿನ ದನಿ ನನಗೆ ನಮ್ಮ ಮನೆಯವರ ದನಿಗಿಂತ ಪರಿಚಯವಾಗಿದೆ.

ಮನೆಯಲ್ಲಿ ಮಾತಿಲ್ಲ. ನಮ್ಮನೆಯವರು ಲಕ್ಷ್ಮೀನಾರಾಯಣ ಒಂದೇ ಒಂದು ಸಲ ಅಂದರು, "ಹೋದ ಸರಕು ಹೋಯಿತು, ಬರೆದುಕೊಟ್ಟು ಏನು ಬಂತು ನಿನಗೆ?" ಅವರ ಹೃದಯದ ಆಪರೇಷನ್‌ಗೆ ಜನವರಿಯಲ್ಲಿ ದಿನ ಸಿಕ್ಕಿದೆ. ಇನ್ಶೂರೆನ್ಸ್ ನನ್ನ ಕೆಲಸದ್ದು. ಅವರ ಸಿಟ್ಟು ನನಗೆ ತಪ್ಪು ಅನ್ನಿಸುವುದಿಲ್ಲ.

ಕೋಕಿಲಾ ಬಾಯಿ ಬಿಗಿ ಹಿಡಿಯುವವಳಲ್ಲ. ಈಗ ಡಾಲಸ್ ಸುತ್ತಲಿನ ನಮ್ಮ ಜನಕ್ಕೆಲ್ಲ ಗೊತ್ತು. ಗೇಜು ಯಾವ ಕೈ ಸೇರಿತು ಅಂತ ಒಬ್ಬರಾದರೂ ಕೇಳಬೇಡವೇ? ಎಲ್ಲರೂ ಕೇಳುವುದು, ನಮ್ಮ ಹುಡುಗನ ಮೇಲೆ ಹೇಗೆ ಬರೆದುಕೊಟ್ಟಿರಿ ಅಂತ. ಮಧ್ವೇಶನ ತಾಯಿ ಧಾರವಾಡದಲ್ಲಿ ನಮ್ಮ ಅಣ್ಣನ ಮನೆಗೆ ಹೋಗಿ, "ನಿಮ್ಮ ತಂಗಿ ನನ್ನ ಮಗನ ಹೊಟ್ಟಿ ಮ್ಯಾಲೆ ಹೊಡದಳು" ಅಂತ ಅತ್ತರಂತೆ. ಅಣ್ಣ ನನಗೆ ಫೋನ್ ಮಾಡಿ, ಊರಲ್ಲಿ ತಲೆ ಎತ್ತುವ ಹಾಗಿಲ್ಲ ಅಂದ. ದೀಪಾವಳಿಗೆ ನಾವು ಯಾರ ಮನೆಗೂ ಹೋಗಲಿಲ್ಲ, ನಮ್ಮ ಮನೆಗೂ ಯಾರೂ ಬರಲಿಲ್ಲ.

ಬಾಸ್ ನನ್ನನ್ನು ಕೆಲಸದಿಂದ ತೆಗೆದಿಲ್ಲ. ತೆಗೆದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಅಂತ ವಕೀಲರು ಹೇಳಿದ್ದಾರಂತೆ. ನಾನೀಗ ಪ್ರತಿ ಗಿರಾಕಿಗೂ ಕಾರ್ಖಾನೆಯ ಗೇಟಿನಿಂದ ಹಿತ್ತಲಿನವರೆಗೆ ವಿಡಿಯೋದಲ್ಲಿ ನಡೆದು ತೋರಿಸು ಅನ್ನುತ್ತೇನೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಆದರೂ ಹಾಕುತ್ತಿದ್ದೇನೆ.

ನೀನು ಬರೆಯುತ್ತಿರು. ಜಗಳವನ್ನಾದರೂ ಬರೆ.

ಕುಮುದಾ

•

ಆಸ್ಟಿನ್
ಫೆಬ್ರುವರಿ 6, 2026

ಕುಮುದಾ,

ಮೂರು ತಿಂಗಳಲ್ಲಿ ನಾಲ್ಕು ಪತ್ರ ಬರೆದೆ, ನಾಲ್ಕನ್ನೂ ಹರಿದೆ. ಲಕ್ಷ್ಮೀನಾರಾಯಣ ಅವರ ಆಪರೇಷನ್ ಸುಸೂತ್ರ ಆಯಿತು ಅಂತ ಕೋಕಿಲಾ ಹೇಳಿದಳು. ಸಂತೋಷ.

ನಿನ್ನೆ ಒಪ್ಪಂದದ ಅವಧಿ ಮುಗಿಯಿತು. ಎರಡು ದೊಡ್ಡ ದೇಶಗಳು ತಮ್ಮ ತಮ್ಮ ಅಣ್ವಸ್ತ್ರಕ್ಕೆ ಮಿತಿ ಹಾಕಿಕೊಂಡಿದ್ದ ಕೊನೆಯ ಒಪ್ಪಂದ ಅದು. ಹಿಂದೆಲ್ಲ ಇವರ ತಪಾಸಣೆಯವರು ಅವರ ಊರಿಗೆ, ಅವರ ಕಡೆಯವರು ಇವರ ಊರಿಗೆ ಹೋಗಿ ಕ್ಷಿಪಣಿಯ ತಲೆಗಳನ್ನು ಎಣಿಸಿ ಬರುತ್ತಿದ್ದರು. ಅವರಲ್ಲಿ ಕೆಲವರು ನನಗೆ ಪರಿಚಯ. ಆ ಚಳಿಯ ಮಿಲಿಟರಿ ಕ್ಯಾಂಟೀನುಗಳಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾ ಸಪ್ಪೆ ಸೂಪು ಕುಡಿದ ಕತೆ ಹೇಳಿ ನಗುತ್ತಿದ್ದರು. ಎಣಿಕೆ ಕೆಲವು ವರ್ಷದ ಹಿಂದೆಯೇ ನಿಂತಿತ್ತು. ಈಗ ಕಾಗದವೂ ಇಲ್ಲ. ಮೂರನೆಯ ದೊಡ್ಡ ದೇಶ ಯಾವ ಲೆಕ್ಕಕ್ಕೂ ಸಿಗದೆ ಅಣ್ವಸ್ತ್ರ ಪೇರಿಸುತ್ತಿದೆ. ದೊಡ್ಡವರೇ ಹೀಗಾದ ಮೇಲೆ ಚಿಕ್ಕ ದೇಶಗಳಿಗೆ ನೀವು ಮಾಡಬೇಡಿ ಅಂತ ಯಾವ ಮುಖ ಇಟ್ಟುಕೊಂಡು ಹೇಳುವುದು?

ಕ್ಲಾಸಿನಲ್ಲಿ ಪಾಠ ನಿಲ್ಲಿಸಿ ಇದನ್ನು ಹತ್ತು ನಿಮಿಷ ಹೇಳಿದೆ. ಹದಿನೆಂಟು ಮಕ್ಕಳಿದ್ದರು. ಒಬ್ಬಳು ಕೈ ಎತ್ತಿದಳು. ನನಗೆ ಆಸೆಯಾಯಿತು. ಇದು ಪರೀಕ್ಷೆಗೆ ಬರುತ್ತದಾ ಅಂತ ಕೇಳಿದಳು. ಇಲ್ಲ ಅಂದೆ. ಎಲ್ಲರೂ ಪೆನ್ನು ಕೆಳಗಿಟ್ಟರು. ಅವರದೇನೂ ತಪ್ಪಿಲ್ಲ.

ಕಾರಿಗೆ ಬಂದು ಅತ್ತೆ. ಐವತ್ತೆಂಟು ವರ್ಷದವನು ಕಾಲೇಜಿನ ಪಾರ್ಕಿಂಗ್‌ನಲ್ಲಿ ಕೂತು ಅಳುವುದು ಚೆನ್ನಾಗಿರುವುದಿಲ್ಲ. ನಿನಗೆ ಅಲ್ಲದೆ ಇನ್ಯಾರಿಗೆ ಬರೆಯಲಿ.

ನಿನ್ನ ದೂರು ಏನಾಯಿತು?

ಪ್ರಭಂಜನ

•

ಲೂಯಿಸ್‌ವಿಲ್
ಮಾರ್ಚ್ 3, 2026

ಪ್ರಭಂಜನ,

ದೂರು ಏನಾಯಿತು ಅಂತ ನೀನು ಕೇಳಿದ್ದೀಯ. ನಿನ್ನೆ ಇಲಾಖೆಯಿಂದ ಇಬ್ಬರು ಬಂದಿದ್ದರು. ಬಂಗಾರವನ್ನೆಲ್ಲ ಲಾಕರಿನಲ್ಲಿಟ್ಟು, ಕೀಲಿ ತನ್ವಿಗೆ ಕೊಟ್ಟು, ಕರೆದುಕೊಂಡು ಹೋದರೆ ಹೋಗಲಿ ಅಂತ ಸಿದ್ಧಳಾಗಿ ಆಫೀಸಿಗೆ ಹೋಗಿದ್ದೆ. ಅವರು ಕೈಕುಲುಕಿ ಥ್ಯಾಂಕ್ಸ್ ಹೇಳಿದರು. ಪ್ರಕರಣ ಮುಗಿಸಿದ್ದಾರಂತೆ. ಯಾರ ಮೇಲೂ ಕ್ರಮ ಇಲ್ಲ.

ಗೇಜುಗಳು ಎಲ್ಲಿ ಹೋದವು ಅಂತ ಅವರಿಗೆ ಗೊತ್ತು. ದೇಶದ ಹೆಸರನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, 'ನಮ್ಮ ಪಾಲುದಾರ ದೇಶ' ಅಂದರು. ನಾನು ದೂರು ಬರೆದಾಗ ಅದು ಪಾಲುದಾರ ಆಗಿರಲಿಲ್ಲ. ಈ ಚಳಿಗಾಲದಲ್ಲಿ ಆಯಿತು. ಅದರ ನೆರೆಯ ದೇಶದ ಬೆನ್ನಿಗೆ ಇನ್ನೊಂದು ದೊಡ್ಡ ದೇಶ ನಿಂತಿದೆ, ಹಾಗಾಗಿ ಇಲ್ಲಿಯ ಸರ್ಕಾರ ಇದರ ಬೆನ್ನಿಗೆ.

"ಅವರು ಅದರಿಂದ ಬಾಂಬ್ ಮಾಡಿದರೆ?" ಅಂತ ಕೇಳಿದೆ.

ಬಂದ ಇಬ್ಬರಲ್ಲಿ ಉತ್ತರ ಕೊಟ್ಟವಳಿಗೆ ನನ್ನ ತನ್ವಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಸಿಟ್ಟೇನೂ ಆಗಲಿಲ್ಲ. "ಇವರು ಮಾಡದಿದ್ದರೆ ನೆರೆಯವರು ಮಾಡುತ್ತಾರೆ ಮೇಡಂ" ಅಂದಳು.

ಅವರು ಹೋದ ಮೇಲೆ ಬಾಸ್ ನಾಲ್ಕನೇ ಆರ್ಡರ್ ಮೇಜಿನ ಮೇಲಿಟ್ಟರು. ಮುನ್ನೂರು ಗೇಜು. ಈ ಸಲ ಟೈರ್ ಅಂಗಡಿ ಇಲ್ಲ, ಹಾಲಿನ ಪುಡಿ ಇಲ್ಲ, ನೇರ ಆ ದೇಶದ ಸರ್ಕಾರಕ್ಕೆ. ಲೈಸೆನ್ಸ್ ಬಂದಿದೆ. ನನ್ನದೊಂದು ಸಹಿ ಬಾಕಿ. ಗಿರಾಕಿಯ ಕಡೆಯ ಅಧಿಕೃತ ಏಜೆಂಟ್ ಅಂತ ಮಧ್ವೇಶನ ಹೆಸರಿದೆ. ಸಂಜೆ ಅವನ ಫೋನು ಬಂತು, ಹೊಸ ನಂಬರು. "ಅಕ್ಕಾರ, ನನ್ನ ಮ್ಯಾಲೆ ಸಿಟ್ಟಿಲ್ಲಲ್ರಿ? ನಮ್ಮವರಂತ ನಿಮ್ಮನ್ನ ನಂಬೇನಿ ನಾ." ನನಗೆ ಮೈ ಉರಿದುಹೋಯಿತು. ಫೋನ್ ಇಟ್ಟೆ.

ಮೊದಲು ಕೇಳದೆ ಸಹಿ ಹಾಕಿದೆ, ಅದು ತಪ್ಪಾಯಿತು. ಈಗ ಎಲ್ಲ ಗೊತ್ತಿದ್ದು ಹಾಕಿದರೆ ಅದು ಸರಿಯಂತೆ, ಕಾನೂನಿನ ಪ್ರಕಾರ. ಸೋಮವಾರ ಹದಿನಾರರ ತನಕ ಯೋಚನೆ ಮಾಡು ಅಂದಿದ್ದಾರೆ. ಹಾಕಲೋ ಬೇಡವೋ, ನೀನು ಹೇಳು.

ಕುಮುದಾ

•

ಆಸ್ಟಿನ್
ಮಾರ್ಚ್ 8, 2026

ಕುಮುದಾ,

ಹಾಕಬೇಡ.

ನಿನ್ನ ಪತ್ರವನ್ನು ಈ ಸಲ ಅಂಚೆಯವನ ಎದುರಿಗೇ ಒಡೆದೆ. ಆಮೇಲೆ ಎರಡು ದಿನ ಕಾರಣ ಹುಡುಕಿದೆ. ನೀನು ಹಾಕದಿದ್ದರೆ ಸರಕು ನಿಲ್ಲುತ್ತದೆ ಅಂತ ಬರೆಯಬೇಕು ಅಂತಿದ್ದೆ. ಸುಳ್ಳು. ನಿಲ್ಲುವುದಿಲ್ಲ. ಒಂದು ವಾರ ತಡವಾಗಬಹುದು. ನೀನು ಬಿಟ್ಟರೆ ಇನ್ನೊಬ್ಬರು ಹಾಕುತ್ತಾರೆ, ನಿಮ್ಮ ಕಂಪನಿ ಒಲ್ಲೆ ಅಂದರೆ ಇನ್ನೊಂದು ಕಂಪನಿ ಕೊಡುತ್ತದೆ. ಕೇಂದ್ರದಲ್ಲಿದ್ದಷ್ಟು ದಿನ ಕಸ್ಟಮ್ಸ್ ಅಧಿಕಾರಿಗಳಿಗೆ, ನಿಮ್ಮ ಒಂದು 'ಇಲ್ಲ' ದೊಡ್ಡದು ಅಂತ ಪಾಠ ಹೇಳಿದೆ. ಅದು ಎಷ್ಟು ದೊಡ್ಡದು ಅಂತ ನನಗೀಗ ಗೊತ್ತಿಲ್ಲ.

ಆದರೂ ಹಾಕಬೇಡ. ಅಂಟಿನ ಉಂಡೆ ಕಟ್ಟಿದ ಕೈ ಅದು ಅಂತೆಲ್ಲ ಬರೆಯಲು ನನಗೆ ಬರುವುದಿಲ್ಲ. ನೀನು ಹಾಕಿದರೆ ನನಗೆ ಸಂಕಟವಾಗುತ್ತದೆ, ಅಷ್ಟೇ.

ನಿಶ್ಚಿತಾರ್ಥದ ದಿನ ಆಡಿದ ಮಾತಿಗೆ ಕ್ಷಮಿಸು. ಅವತ್ತು ಬೆಳಿಗ್ಗೆಯೇ ನಮ್ಮ ಕೇಂದ್ರದ ಅನುದಾನ ಅರ್ಧಕ್ಕೆ ಇಳಿಸಿದ ಸುದ್ದಿ ಬಂದಿತ್ತು. ಯಾರ ಮೇಲಾದರೂ ಕಾರಬೇಕಿತ್ತು, ನೀನು ಹತ್ತಿರ ಇದ್ದೆ.

ಪ್ರಭಂಜನ

•

ಲೂಯಿಸ್‌ವಿಲ್
ಏಪ್ರಿಲ್ 16, 2026

ಪ್ರಭಂಜನ,

ಸಹಿ ಹಾಕಲಿಲ್ಲ. ಮಾರ್ಚ್ ಹದಿನಾರಕ್ಕೆ ರಾಜೀನಾಮೆ ಕೊಟ್ಟು ಬಂದೆ. ಬಾಸ್ ಬೇಜಾರು ಮಾಡಿಕೊಂಡರು, ನಿಜವಾದ ಬೇಜಾರು. ಕೇಕ್ ತರಿಸಿದರು. ನಮ್ಮನೆಯವರಿಗೆ ಮನೆಗೆ ಬಂದು ಹೇಳಿದೆ. ಅವರು ಬಹಳ ಹೊತ್ತು ಎದೆಯ ಹೊಲಿಗೆ ಸವರಿಕೊಳ್ಳುತ್ತಾ ಕೂತಿದ್ದು, "ಹೋಗಲಿ ಬಿಡು, ಇಬ್ಬರಿಗೂ ಒಂದಿಷ್ಟು ನಿದ್ದೆಯಾದರೂ ಬರುತ್ತದೆ" ಅಂದರು. ಎಷ್ಟೋ ತಿಂಗಳ ಮೇಲೆ ಅವರು ಆಡಿದ ಒಳ್ಳೆಯ ಮಾತು. ಒಂದು ತಿಂಗಳು ನಿದ್ದೆ ಬಂತು.

ನನ್ನ ಜಾಗಕ್ಕೆ ದಿಯಾ ಅಂತ ಒಬ್ಬಳನ್ನು ಹಾಕಿದ್ದಾರೆ. ಮೈಸೂರಿನ ಹುಡುಗಿ, ಓದು ಮುಗಿಸಿ ವರ್ಷವಾಗಿಲ್ಲ, ಇನ್ನೂ ವೀಸಾದ ಮೇಲಿದ್ದಾಳೆ. ಜನವರಿಯಲ್ಲಿ ಸೇರಿದಾಗ ನಾನೇ ಎರಡು ವಾರ ಕೂಡಿಸಿಕೊಂಡು ಕೆಲಸ ಕಲಿಸಿದ್ದೆ. ಮೊನ್ನೆ ಸೋಮವಾರ ಹನ್ನೊಂದು ಗಂಟೆಗೆ ಫೋನ್ ಮಾಡಿದಳು.

"ಆಂಟಿ, ಸಾರಿ, ಡಿಸ್ಟರ್ಬ್ ಮಾಡ್ದೆ. ಒಂದು ಫಾರಂ ನಾಲ್ಕು ಸಲ ರಿಜೆಕ್ಟ್ ಆಯ್ತು. ಇವತ್ತು ಹೋಗ್ಲಿಲ್ಲ ಅಂದ್ರೆ ನನ್ನ ತೆಗೀತಾರೇನೋ ಆಂಟಿ. ಕೆಲಸ ಹೋದ್ರೆ ನಾನು ವಾಪಸ್ ಊರಿಗೇ."

ಅವಳು ಅಳುತ್ತಿದ್ದಳು. ನಾನು ಒಲೆಯ ಮೇಲೆ ಸಾರು ಇಟ್ಟಿದ್ದೆ, ಉರಿ ಸಣ್ಣ ಮಾಡಿದೆ.

"ಅಳಬ್ಯಾಡವಾ, ಎಷ್ಟನೇ ಪುಟ ಹೇಳು" ಅಂದೆ.

ಮೂರನೇ ಪುಟ ಅಂದಳು. ಅಲ್ಲಿ ಎಲ್ಲರೂ ತಪ್ಪುತ್ತಾರೆ. ಹೊಸ ಗಿರಾಕಿ ಅನ್ನುವ ಕಡೆ ಗುರುತು ಹಾಕಿದರೆ ಕಂಪ್ಯೂಟರ್ ಒಪ್ಪುವುದಿಲ್ಲ. ಹಿಂದೆ ಇದೇ ಏಜೆಂಟನ ಮೂಲಕ ಸರಕು ಕಳಿಸಿದ್ದೇವೆ ಅಂತ ಹಾಕಿ, ಆ ಹಳೆಯ ನಂಬರುಗಳನ್ನು ಕೊಡಬೇಕು. ಮೂರೂ ನಂಬರು ನನಗೆ ಬಾಯಿಪಾಠ. ಒಂದೊಂದಾಗಿ ಹೇಳಿದೆ, ಅವಳು ಒಂದೊಂದಾಗಿ ಬರೆದುಕೊಂಡಳು. ಎರಡನೆಯದನ್ನು ತಪ್ಪು ಓದಿದಳು, ತಿದ್ದಿದೆ. ಆ ಕಡೆಯಿಂದ ಕೀಬೋರ್ಡಿನ ಸದ್ದು ಬಂತು.

"ಆಯ್ತು ಆಂಟಿ, ಹೋಯ್ತು. ಥ್ಯಾಂಕ್ಯೂ. ನೀವಿಲ್ದಿದ್ರೆ ಆಗ್ತಾನೇ ಇರ್ಲಿಲ್ಲ."

ಊಟ ಮಾಡು ಮೊದಲು ಅಂತ ಹೇಳಿ ಫೋನ್ ಇಟ್ಟೆ. ಸಾರಿಗೆ ಒಗ್ಗರಣೆ ಕೊಟ್ಟೆ. ನಮ್ಮನೆಯವರಿಗೆ ಬಡಿಸಿದೆ. ನಾನು ತಟ್ಟೆ ಇಟ್ಟುಕೊಂಡು ಕೂತಾಗ ತಿಳಿಯಿತು, ಅವಳಿಗೆ ಹೇಳಿಕೊಟ್ಟದ್ದು ಯಾವ ಫಾರಂ ಅಂತ. ನಂಬರುಗಳನ್ನು ಹೇಳುವಾಗಲೂ ತಿಳಿದಿರಲಿಲ್ಲವೇ ಅಂತ ನೀನು ಕೇಳುತ್ತೀಯ. ಮೂರು ದಿನದಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

ನಾನು ಹೇಳಿಕೊಡದಿದ್ದರೆ ಬೇರೆ ಯಾರನ್ನಾದರೂ ಕೇಳುತ್ತಿದ್ದಳು ಅಂತ ದಯವಿಟ್ಟು ಬರೆಯಬೇಡ.

ಮಂಗಳವಾರ ಮಧ್ಯಾಹ್ನ ಮುನ್ನೂರು ಗೇಜು ಹ್ಯೂಸ್ಟನ್‌ನಿಂದ ಹೊರಟವು. ಕಾಗದದ ಮೇಲೆ ನನ್ನ ಸಹಿ ಎಲ್ಲೂ ಇಲ್ಲ.

ಕುಮುದಾ